ಹುಳು ಎಂಬ ಮಾತು

ಹದಿನಾರು ವರ್ಷದಿಂದ ಹೇಳುತ್ತ ಬಂದಿದ್ದೇನೆ,
ಲೆಸ್ಟರಿನ ಮೆಲ್ಟನ್ ರಸ್ತೆಯ ಮಹಡಿ ಕ್ಲಿನಿಕ್ಕಿನಲ್ಲಿ,
ಕುರ್ಚಿ ಒರಗಿಸಿ, ದೀಪ ತಗ್ಗಿಸಿ:
ಹಲ್ಲಿನಲ್ಲಿ ಹುಳು ಇರುವುದಿಲ್ಲ.
ಹುಳುಕು ಅನ್ನುವುದು ಬರೀ ಮಾತು.
ಹರಿಹರದಿಂದ ಫೋನು ಮಾಡಿ
ದವಡೆ ನೋವೆನ್ನುವ ಚಿಕ್ಕಮ್ಮನಿಗೂ ಇದನ್ನೇ ಹೇಳಿದ್ದೇನೆ.
ಆಕೆ ನಂಬುವುದಿಲ್ಲ.
"ಕಾಣದ ಮಾತ್ರಕ್ಕೆ ಇಲ್ಲ ಅಂತಲೇನೇ?"

ನವೆಂಬರಿನ ಒಂದು ರಾತ್ರಿ ನೀರು ಕುಡಿಯಲು ಎದ್ದವಳು
ಮಗಳ ಸಿಗಡಿ ತೊಟ್ಟಿಗೆ ಫೋನಿನ ಬೆಳಕು ಬಿಟ್ಟೆ.
ಗಾಜಿನ ಮೇಲೆ ಹುಳು.
ಒಂದಲ್ಲ, ಎಣಿಸುವುದನ್ನು ನಿಲ್ಲಿಸುವಷ್ಟು.
ಬಿಳಿ, ಕತ್ತರಿಸಿದ ಉಗುರಿನ ಚೂರಿನಷ್ಟು;
ತ್ರಿಕೋನದ ತಲೆ, ಅದರಲ್ಲಿ ಎರಡು ಮೆಳ್ಳಗಣ್ಣು.
ಜಾರುತ್ತಿದ್ದವು ಅವಸರವಿಲ್ಲದೆ,
ಬಾಡಿಗೆ ಮುಂಗಡ ಕೊಟ್ಟವರ ಹಾಗೆ.

ಪ್ಲನೇರಿಯಾ ಅಂತೆ.
ಹಿಚುಕಬೇಡ, ಕತ್ತರಿಸಬೇಡ, ಅಂದ ಮೀನಿನಂಗಡಿಯ ಟ್ರೆವರ್,
ತುಂಡು ಎರಡಾದರೆ ಎರಡೂ ಬದುಕುತ್ತವೆ,
ತಲೆಗೆ ಬಾಲ ಚಿಗುರುತ್ತದೆ, ಬಾಲಕ್ಕೆ ತಲೆ.
(ದಿನವಿಡೀ ನಾನು ಕೀಳುವ ಹಲ್ಲು
ಒಂದಾದರೂ ಹಾಗೆ ಮರಳಿದ್ದಿಲ್ಲ.)
ತಪ್ಪು ನಿನ್ನದೇ ಅಂತಲೂ ಅಂದ, ಮೆಲ್ಲಗೆ.
ಊಟ ಹೆಚ್ಚಾಯಿತು.

ಹೌದು. ಬೆಳಿಗ್ಗೆ ಮೇದಿನಿ ಹಾಕುತ್ತಾಳೆ,
ಅವಳು ಮರೆತಳೆಂದು ನಾನು,
ನಾನು ಮರೆತೆನೆಂದು ಅವಳಪ್ಪ.
ಎಂಟು ಸಿಗಡಿಗೆ ಮೂವರ ಕಕ್ಕುಲಾತಿ;
ಮಿಕ್ಕದ್ದು ಮರಳಿಗಿಳಿದು ಹುಳುವಾಯಿತು.

ಟ್ರೆವರ್ ಕೊಟ್ಟದ್ದು ಕಂದು ಪುಡಿಯ ಪೊಟ್ಟಣ.
ಹಿಂಭಾಗದ ಸಣ್ಣಕ್ಷರ ಬಸ್ಸಿನಲ್ಲಿ ಓದಿದೆ:
ಅಡಿಕೆ.
ನಕ್ಕುಬಿಟ್ಟೆ. ಪಕ್ಕದ ಸೀಟಿನಾಕೆ ಸರಿದು ಕೂತಳು.

ಅದೇ ಮಧ್ಯಾಹ್ನ ಬಂದಿದ್ದರು ಜಯಂತಿಲಾಲ್,
ಕಾಲುಚೀಲದ ಕಾರ್ಖಾನೆಯ ರಾತ್ರಿಪಾಳಿಯಲ್ಲಿ
ತೂಕಡಿಕೆ ಬಾರದಿರಲೆಂದು
ಕೆನ್ನೆಯಲ್ಲಿ ಅಡಿಕೆಯಿಟ್ಟು ಮೂವತ್ತು ವರ್ಷ ಕಳೆದವರು.
ಬಾಯಿ ತೆರೆಯಿರಿ ಅಂದರೆ ಒಂದೂವರೆ ಬೆರಳು.
ಒಳಗೆ ಹಗ್ಗ ಬಿಗಿದಂತೆ ಬಿಳಿ ನಾರು.
ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು,
ಸರಿ, ಅಡಿಕೆಗೆ ಹೋದ ಬಾಯಿಗೆ ಏನು ಕೊಡಲಿ?
ಆಸ್ಪತ್ರೆಗೆ ಪತ್ರ ಬರೆದುಕೊಟ್ಟೆ.
ಮಡಚಿ ಜೇಬಿಗಿಡುವಾಗ ಅಲ್ಲಿದ್ದ ಡಬ್ಬಿ ಸದ್ದು ಮಾಡಿತು.
ಇಬ್ಬರೂ ಕಿಟಕಿಯತ್ತ ನೋಡಿದೆವು.

ಆ ರಾತ್ರಿ ಅದೇ ಪುಡಿ, ಚಿಟಿಕೆಯಷ್ಟು, ಲೋಟದಲ್ಲಿ ಕದಡಿ ಸುರಿದೆ.
ನೋಡಿದರೆ ಉಳಿದದ್ದೆಲ್ಲ ಮೊದಲೇ ಇದೆ ತೊಟ್ಟಿಯಲ್ಲಿ:
ಎಲೆ, ಸಿಗಡಿ ಮೇಯಲೆಂದು ಮುಳುಗಿಸಿದ ಕಾಡುಬಾದಾಮಿಯದು;
ಸುಣ್ಣ, ಕೆಟಲಿನ ತಳ ಕಟ್ಟುವ ಇಲ್ಲಿಯ ನಲ್ಲಿನೀರಿನಲ್ಲಿ ಬೇಕಾದಷ್ಟು.
ಕರೆಯದೆ ಬಂದವರಿಗೂ
ತಾಂಬೂಲ ಕೊಟ್ಟೇ ಕಳಿಸಿದಂತಾಯಿತು.

ತೊಡಕು ಒಂದೇ, ಬಸವನಹುಳು.
ಅಡಿಕೆ ಸಿಗಡಿಯ ತಂಟೆಗೆ ಹೋಗದು, ಇದನ್ನು ಬಿಡದು.
ಕನ್ನಡ ಬಲ್ಲ ವಿಷವೇನೋ,
ಹೆಸರಿನಲ್ಲಿ ಹುಳು ಕಂಡರೆ ಸಾಕು.
ಮೇದಿನಿ ಅದನ್ನು ಹಾರ್ಲಿಕ್ಸ್ ಬಾಟಲಿಗೆ ಸಾಗಿಸಿ
ಮಂಚದ ಪಕ್ಕ ಇಟ್ಟುಕೊಂಡಳು.
"ಮೂರು ತಿಂಗಳು ವನವಾಸ" ಎಂದಳು,
ಅಪ್ಪನಿಂದ ಕಲಿತ ಮಾತು.

ಮೂರನೆಯ ದಿನ ಗಾಜು ಬರಿದು.
ಸುರುಳಿ ಸುತ್ತಿ ತಳಕ್ಕೆ ಬಿದ್ದವನ್ನು ಕೊಳವೆಯಲ್ಲಿ ಹೀರಿ ತೆಗೆದೆ,
ದಿನಾ ಎಂಜಲು ಹೀರುವ ಕೈಯಲ್ಲಿ.
ಹೊಟ್ಟೆಯಡಿ ಹಳದಿ ಮೊಟ್ಟೆ ಹೊತ್ತ ದೊಡ್ಡ ಸಿಗಡಿ
ಅವಕ್ಕೆ ಗಾಳಿ ಬೀಸುತ್ತಲೇ ಇತ್ತು,
ಯಾವ ಸುದ್ದಿಯೂ ಮುಟ್ಟದವಳ ಹಾಗೆ.

ಬಕೆಟ್ಟಿನಲ್ಲಿ ಒಂದು ಇನ್ನೂ ಅಲುಗುತ್ತಿತ್ತು.
ಬೆಳಕಿಗೆ ಬೆನ್ನು ತಿರುಗಿಸಲು ಹೆಣಗುತ್ತಿತ್ತು.
ದೀಪ ಆರಿಸಿದೆ.
ನನ್ನಿಂದಾದದ್ದು ಅಷ್ಟು.

ಭಾನುವಾರ ಚಿಕ್ಕಮ್ಮನ ಫೋನು. ದವಡೆ, ಮತ್ತೆ.
ಹುಳು ಬಿದ್ದಿದೆ ಕಣೇ, ಎಂದಳು.
ಈ ಸಲ ನಾನು ಇಲ್ಲವೆನ್ನಲಿಲ್ಲ.
ಎಷ್ಟು ದೊಡ್ಡದು, ಎಂದು ಕೇಳಿದೆ.